ಕಣಜ ಬಲ್ಲ ದಂಡನಾಯಕ



ಬ್ಯಾಡಗಿ ಅಂದಕೂಡಲೇ ನಮಗೆ ಮೆಣಸಿನಕಾಯಿ ನೆನಪಾಗುತ್ತದೆ. ರಾಣೆಬೆನ್ನೂರು ಅಂದರೆ ಬಿತ್ತನೆ ಬೀಜ, ಕೃಷ್ಣಮೃಗ. ಹಾವೇರಿ ಅಂದರೆ ಏಲಕ್ಕಿ ಮಾಲೆ. ಇದೇ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ ನೆಲೆ ನಿಂತವರು ಕನಕದಾಸರು. ಕಂಬಳಿ ಹೊದ್ದು, ತಂಬೂರಿ ಹಿಡಿದು, ಉಡುಪಿಯ ಕಿಂಡಿಯ ಎದುರು ಕೈಮುಗಿದು ನಿಂತ ಅವರ ಚಿತ್ರಪಟ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಆ ತಂಬೂರಿಗೂ ಮೊದಲು ಅದೇ ಕೈಯಲ್ಲಿ ಕತ್ತಿ ಇತ್ತು ಎಂಬುದನ್ನು ಮಾತ್ರ ನಾವು ಒಂದು ಸಾಲಿನಲ್ಲಿ ಹೇಳಿ ಮುಗಿಸಿಬಿಡುತ್ತೇವೆ. ಇಂದು ಆ ಕತ್ತಿಯ ಕಾಲದ ಬಗ್ಗೆ ಸ್ವಲ್ಪ ಯೋಚಿಸೋಣ.

16ನೆಯ ಶತಮಾನದ ಮಾತು. ಈಗಿನ ಶಿಗ್ಗಾವಿ ತಾಲ್ಲೂಕಿನ ಬಾಡ ಗ್ರಾಮದ ಬೀರನಾಯಕ ಮತ್ತು ಬಚ್ಚಮ್ಮ ದಂಪತಿಯ ಮಗ ತಿಮ್ಮಪ್ಪನಾಯಕ, ಕುರುಬ ಮನೆತನದ ಹುಡುಗ. ವಿಜಯನಗರದ ಅರಸರ ಕಾಲದಲ್ಲಿ ಬಂಕಾಪುರ ಸೀಮೆಯ ನಾಯಕತ್ವ, ದಂಡಿನ ಹೊಣೆ ಆತನ ಹೆಗಲಿಗೆ ಬಂತು. ಭೂಮಿಯಲ್ಲಿ ಹೊನ್ನಿನ ಕೊಪ್ಪರಿಗೆ ಸಿಕ್ಕಿ ಕನಕನಾಯಕ ಎನಿಸಿಕೊಂಡ ಎಂದು ಜನ ಹೇಳುತ್ತಾರೆ. ಒಂದು ಯುದ್ಧದಲ್ಲಿ ಮೈತುಂಬ ಗಾಯಗೊಂಡು ಹೆಣಗಳ ನಡುವೆ ಬಿದ್ದಿದ್ದಾಗ ಆದಿಕೇಶವ ಕರೆದನಂತೆ. ಬದುಕಿ ಎದ್ದವನು ಅಧಿಕಾರ ಬಿಟ್ಟು ದಾಸನಾದನಂತೆ. ಈ ಕತೆಯ ಪವಾಡವನ್ನು ನಂಬುವುದೂ ಬಿಡುವುದೂ ಅವರವರಿಗೆ ಬಿಟ್ಟದ್ದು. ಆದರೆ ಸೈನ್ಯ ನಡೆಸಿದ ಮನುಷ್ಯನೊಬ್ಬ ಸಮಾನತೆಯ ಮಾತು ಹೇಳಲು ನಿಂತ ಎಂಬುದು ನಾವು ಗಮನಿಸಬೇಕಾದ ಸಂಗತಿ.

ಕೋಟೆಯ ಅಧಿಕಾರಿಗೆ ಯುದ್ಧ ಯಾವಾಗಲೋ ಒಮ್ಮೆ. ದಿನನಿತ್ಯದ ಚಿಂತೆಯೆಲ್ಲ ಕಣಜದ್ದು. ಶತ್ರು ಮುತ್ತಿಗೆ ಹಾಕಿ ಕುಳಿತರೆ ಕೋಟೆ ಬೀಳುವುದು ಎಷ್ಟೋ ಸಲ ಹಸಿವೆಯಿಂದ. ಹಗೇವಿನಲ್ಲಿ ಯಾವ ಕಾಳು ಎಷ್ಟು ಕಾಲ ಬಾಳುತ್ತದೆ, ಯಾವುದಕ್ಕೆ ಹುಳು ಹಿಡಿಯುತ್ತದೆ, ಮಳೆ ಕೈಕೊಟ್ಟ ವರ್ಷ ಊರನ್ನು ಯಾವುದು ಉಳಿಸುತ್ತದೆ ಎಂಬ ಲೆಕ್ಕ ಗೊತ್ತಿಲ್ಲದವನು ದಂಡನಾಯಕನಾಗಿ ಬಹಳ ದಿನ ಉಳಿಯಲಾರ.

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ನೋಡಿ. ಭಾಮಿನಿ ಷಟ್ಪದಿಯ ಪುಟ್ಟ ಕಾವ್ಯ ಅದು. ಲಂಕೆಯಿಂದ ಮರಳುವ ರಾಮ ಮುನಿಗಳ ಆಶ್ರಮದಲ್ಲಿ ಊಟ ಮಾಡುತ್ತಾನೆ. ಧಾನ್ಯಗಳಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆ ಏಳುತ್ತದೆ. ಗೌತಮ ಮುನಿ ನರೆದಲೆಗನನ್ನು, ಅಂದರೆ ರಾಗಿಯನ್ನು ಮೆಚ್ಚುತ್ತಾನೆ. ವ್ರೀಹಿ, ಅಂದರೆ ಭತ್ತ, ಸಿಟ್ಟಾಗುತ್ತದೆ. ತಾನು ದೇವರಿಗೆ ಸಲ್ಲುವವನು, ನೀನು ಕೀಳು ಜನರ ಕೂಳು ಎಂದು ಹಂಗಿಸುತ್ತದೆ. ರಾಗಿ ಸುಮ್ಮನಿರುವುದಿಲ್ಲ. ನೀನು ಉಳ್ಳವರ ಬೆನ್ನು ಹತ್ತುವವನು, ಬಡವರತ್ತ ಕಣ್ಣೆತ್ತಿ ನೋಡದವನು, ಹೆಣದ ಬಾಯಿಗೂ ಬೀಳುವ ತುತ್ತು ನೀನೇ ಅಲ್ಲವೆ ಎಂದು ತಿರುಗಿ ಬೀಳುತ್ತದೆ.

ಇಲ್ಲಿ ರಾಮ ಏನು ಮಾಡುತ್ತಾನೆ? ಶಾಸ್ತ್ರ ತೆರೆಸಿ ಓದಿಸುವುದಿಲ್ಲ, ಹುಟ್ಟು ಕೇಳುವುದಿಲ್ಲ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿ ಎನ್ನುತ್ತಾನೆ. ಅವಧಿ ಮುಗಿದು ಸಭೆಗೆ ಕರೆಸಿದಾಗ ವ್ರೀಹಿ ಬಳಲಿ ಕುಂದಿದೆ, ರಾಗಿ ಗಟ್ಟಿಯಾಗಿ ನಿಂತಿದೆ. ರಾಮ ರಾಗಿಗೆ ತನ್ನ ಹೆಸರನ್ನೇ ಕೊಟ್ಟು ಗೌರವಿಸುತ್ತಾನೆ.

ಆರು ತಿಂಗಳ ಸೆರೆ ಅಂದರೆ ಕಣಜದ ಪರೀಕ್ಷೆಯೇ ಅಲ್ಲವೆ? ಚೆನ್ನಾಗಿ ಒಣಗಿಸಿ ಇಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ ಎಂಬುದು ರೈತರೆಲ್ಲ ಬಲ್ಲ ಮಾತು. ಕುಲದ ಜಗಳಕ್ಕೆ ಇಂಥ ತೀರ್ಪು ಹೊಳೆಯಬೇಕಾದರೆ ಬರೆದವನು ಕೋಟೆಯ ಉಗ್ರಾಣದ ಬಾಗಿಲು ತೆರೆದು ನೋಡಿದವನೇ ಆಗಿರಬೇಕು ಎಂದು ನನಗೆ ಅನಿಸುತ್ತದೆ. ಕಷ್ಟಕಾಲದಲ್ಲಿ ಯಾರು ನಿಲ್ಲುತ್ತಾರೋ ಅವರೇ ಮೇಲು ಎಂಬುದು ದಂಡು ನಡೆಸಿದವನ ಅನುಭವದ ಮಾತು. ಇನ್ನೂ ಒಂದು ಸಂಗತಿ ಇದೆ. ಗೆದ್ದ ರಾಗಿಯ ಪಕ್ಕದಲ್ಲೇ ಸೋತ ವ್ರೀಹಿಯನ್ನೂ ರಾಮ ಸಂತೈಸುತ್ತಾನೆ, ಇಬ್ಬರನ್ನೂ ಕೂಡಿ ಬಾಳಲು ಹೇಳುತ್ತಾನೆ. ಕಣಜದಲ್ಲಿ ಎರಡೂ ಬೇಕು. ತುಳಿಸಿಕೊಂಡವರು ಎದ್ದು ನಿಂತಾಗ ಇನ್ನೊಬ್ಬರನ್ನು ತುಳಿಯಲಿ ಎಂದು ಕನಕದಾಸರು ಬಯಸಲಿಲ್ಲ.

ಇಷ್ಟೆಲ್ಲ ಬಲ್ಲ ಮನುಷ್ಯನಿಗೆ ಮಠದ ಅಂಗಳದಲ್ಲಿ ಜಾಗ ಸುಲಭವಾಗಿ ಸಿಗಲಿಲ್ಲ. ಗುರು ವ್ಯಾಸರಾಯರು ಕನಕನನ್ನು ಮೆಚ್ಚಿದ್ದಕ್ಕೆ ಉಳಿದ ಶಿಷ್ಯರು ಗೊಣಗಿದರು ಎಂಬುದನ್ನು ಪುರಂದರದಾಸರೇ ಒಂದು ಕೀರ್ತನೆಯಲ್ಲಿ ಹಾಡಿದ್ದಾರೆ. ಸಾವಿರ ಜನರಿಗೆ ಅಪ್ಪಣೆ ಕೊಟ್ಟ ನಾಯಕ ಆ ಗೊಣಗಾಟಕ್ಕೆ ಕತ್ತಿ ಎತ್ತಲಿಲ್ಲ. ಕೀರ್ತನೆ ಬರೆದ, ಕಾವ್ಯ ಬರೆದ.

ನಾಲ್ಕು ಶತಮಾನಗಳ ನಂತರ ಕನ್ನಡ ನಾಡಿನ ಇನ್ನೊಬ್ಬ ಸೇನಾನಿ ಇದೇ ಸಮಾನತೆಯ ದಾರಿಯಲ್ಲಿ ನಡೆದರು. ಕೊಡಗಿನ ಕೆ. ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಜಾತಿ, ಪ್ರಾಂತ್ಯಗಳ ಹೆಸರಿನಲ್ಲಿ ಪಡೆಗಳನ್ನು ಕಟ್ಟುವ ರೂಢಿ ಬ್ರಿಟಿಷರ ಕಾಲದಿಂದ ಬಂದಿತ್ತು. ಅದೇ ವರ್ಷ ಅವರು ಎಲ್ಲ ಜಾತಿ, ಎಲ್ಲ ಪ್ರಾಂತ್ಯಗಳ ಸೈನಿಕರು ಒಟ್ಟಿಗಿರುವ ಗಾರ್ಡ್ಸ್ ಪಡೆಯನ್ನು ಕಟ್ಟಿದರು. ನಿವೃತ್ತಿಯ ಬಳಿಕ ಆಸ್ಟ್ರೇಲಿಯಾದಲ್ಲಿ ಭಾರತದ ಹೈಕಮಿಷನರ್ ಆಗಿದ್ದಾಗ, ಬಿಳಿಯರಿಗೆ ಮಾತ್ರ ನೆಲೆ ಎಂಬ ಆ ದೇಶದ ವಲಸೆ ನೀತಿ ತಪ್ಪು ಎಂದು ಅಲ್ಲೇ ನಿಂತು ಹೇಳಿದರು.

ಇನ್ನು ನಮ್ಮ ಕಾಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಸಾರಿತು. ಒಂದು ಕಾಲಕ್ಕೆ ಬಡವರ ಕೂಳು ಎನಿಸಿಕೊಂಡ ರಾಗಿ, ನವಣೆ, ಸಾಮೆಗಳು ಪಟ್ಟಣದ ದೊಡ್ಡ ಅಂಗಡಿಗಳಲ್ಲಿ ಚೆಂದದ ಪೊಟ್ಟಣದಲ್ಲಿ ಕುಳಿತಿವೆ. ಉಳ್ಳವರು ವೈದ್ಯರ ಸಲಹೆಯ ಮೇರೆಗೆ ಮುದ್ದೆ ಉಣ್ಣುತ್ತಾರೆ. ಧಾನ್ಯಕ್ಕೆ ಅಂಟಿದ್ದ ಜಾತಿ ಹೋಯಿತು. ಅದನ್ನು ಬೆಳೆದು, ಉಂಡು, ಬದುಕಿದವರಿಗೆ ಅಂಟಿದ ಜಾತಿ ಹೋಗಿದೆಯೇ? ಬಾಡಿಗೆ ಮನೆ ಕೊಡುವಾಗ, ಮದುವೆಯ ಮಾತು ತೆಗೆದಾಗ, ಶಾಲೆಯಲ್ಲಿ ಬಿಸಿಯೂಟ ಮಾಡಿದವರು ಯಾರು ಎಂದು ವಿಚಾರಿಸುವಾಗ ಉತ್ತರ ಸಿಗುತ್ತದೆ.

ಕನಕದಾಸರು ಹುಟ್ಟಿದ ಶಿಗ್ಗಾವಿ ತಾಲ್ಲೂಕಿನಲ್ಲೇ ಗೋವಿಂದಭಟ್ಟರ ಶಿಷ್ಯ ಶಿಶುನಾಳ ಶರೀಫರೂ ಹುಟ್ಟಿದರು. ಇಂಥ ಹಿರಿಯರನ್ನು ಕೊಟ್ಟ ಹಾವೇರಿಯ ನೆಲಕ್ಕೆ ಸಮಾನತೆಯನ್ನು ಹೊರಗಿನಿಂದ ಯಾರೂ ತಂದು ಕೊಡಬೇಕಾಗಿಲ್ಲ. ಆದರೂ ಕನಕ ಜಯಂತಿ ಬಂದಾಗ ‘ಅದು ಅವರ ಹಬ್ಬ’ ಎಂದು ದೂರ ಉಳಿಯುವವರು ನಮ್ಮಲ್ಲಿ ಇದ್ದಾರೆ. ಕುಲದ ಬೇಲಿ ದಾಟಿದ ಮನುಷ್ಯನನ್ನು ಹಿಡಿದು ತಂದು ಮತ್ತೆ ಅದೇ ಬೇಲಿಯೊಳಗೆ ಕೂಡಿಹಾಕುವುದು ನಾವು ಅವರಿಗೆ ಮಾಡುವ ಅನ್ಯಾಯ.

ಕೇಳುಗರೇ, ಮುಂದಿನ ಕನಕ ಜಯಂತಿಗೆ ನಿಮ್ಮ ಕುಲ ಯಾವುದೇ ಇರಲಿ, ನಿಮ್ಮೂರಿನ ಸಭೆಗೆ ಹೋಗಿ ಕುಳಿತುಕೊಳ್ಳಿ. ಮಕ್ಕಳಿಗೆ ರಾಮಧಾನ್ಯದ ಕತೆ ಹೇಳಿ. ಅಂದು ಪಕ್ಕದಲ್ಲಿ ಯಾರೇ ಕುಳಿತಿರಲಿ, ಅವರ ಜೊತೆ ಒಂದೇ ಸಾಲಿನಲ್ಲಿ ಉಂಡು ಬನ್ನಿ.