ಪೇಟೆಯ ಅನ್ನ, ಮಲೆನಾಡಿನ ಗದ್ದೆ



ಪೇಟೆಗಳಲ್ಲಿ ವಿದ್ಯಾವಂತರು ನಾಲ್ವರು ಕಲೆತ ಕಡೆ ಈಚೆಗೆ ಬೇಸಾಯದ ಮಾತು ಬಾರದೆ ಇರುವುದಿಲ್ಲ. ರಾಸಾಯನಿಕ ಗೊಬ್ಬರ, ಕೀಟನಾಶಕಗಳಿಂದ ಅನ್ನವೇ ವಿಷವಾಯಿತೆಂದು ಒಬ್ಬರು ಹೇಳುತ್ತಾರೆ. ಅವು ಇಲ್ಲದಿದ್ದರೆ ಅನ್ನವೇ ಇರುತ್ತಿರಲಿಲ್ಲವೆಂದು ಇನ್ನೊಬ್ಬರು ಉತ್ತರ ಕೊಡುತ್ತಾರೆ. ಎರಡು ಪಕ್ಷದವರೂ ಊಟ ಮುಗಿಸಿ ಏಳುತ್ತಾರೆ. ಬೆಳೆದವನನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ನರಸಿಂಹರಾಜಪುರ ತಾಲ್ಲೂಕಿನ ಶೆಟ್ಟಿಕೊಪ್ಪ, ಅದಕ್ಕೆ ನೆರೆಯಾದ ಕೊಪ್ಪ, ಶೃಂಗೇರಿ, ಈ ಸೀಮೆಯನ್ನು ಕಣ್ಣ ಮುಂದಿಟ್ಟುಕೊಂಡು ಈ ವಾದವನ್ನು ಈ ದಿನ ಸ್ವಲ್ಪ ಪರೀಕ್ಷಿಸಿ ನೋಡೋಣ.

ಆ ಸೀಮೆಯ ನೆಲದ ವಿನ್ಯಾಸವೇ ಒಂದು ಪಾಠ. ಗುಡ್ಡದ ಮೇಲೆ ಕಾಡು, ಇಳಿಜಾರಿನಲ್ಲಿ ಕಾಫಿ, ಕಣಿವೆಯಲ್ಲಿ ಅಡಕೆಯ ತೋಟ, ತಗ್ಗಿನಲ್ಲಿ ಬತ್ತದ ಗದ್ದೆ. ಇವು ಒಂದರ ಪಕ್ಕದಲ್ಲಿ ಒಂದು ಸುಮ್ಮನೆ ಇದ್ದುವಲ್ಲ. ಕಾಡಿನ ಸೊಪ್ಪು ಕೊಟ್ಟಿಗೆಗೆ ಬಂದು ದನದ ಕಾಲಡಿಯಲ್ಲಿ ಗೊಬ್ಬರವಾಯಿತು. ಗೊಬ್ಬರ ತೋಟಕ್ಕೆ ಹೋಯಿತು. ದನಗಳಿಗೆ ಹುಲ್ಲನ್ನು ಗದ್ದೆ ಕೊಟ್ಟಿತು. ಆದಕಾರಣ ಗದ್ದೆಯು ಮನೆಯ ಅನ್ನಕ್ಕೆ ಮಾತ್ರವಲ್ಲ, ತೋಟದ ಬಾಳಿಗೂ ಆಧಾರವಾಗಿತ್ತು.

ಹೊಸ ವಿಜ್ಞಾನವು ಈ ಸೀಮೆಗೆ ಕೇಡನ್ನೇ ತಂದಿತೆಂದು ಹೇಳುವವರು ಅಡಕೆಯ ಕೊಳೆರೋಗದ ಚರಿತ್ರೆಯನ್ನು ನೋಡಬೇಕು. ಮಳೆಗಾಲದಲ್ಲಿ ಎಳೆಯ ಕಾಯಿ ಕೊಳೆತು ಉದುರಿ, ಒಂದು ವರ್ಷದ ಜೀವನವೇ ಮರದ ಬುಡದಲ್ಲಿ ಚೆಲ್ಲಿಹೋಗುತ್ತಿತ್ತು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಾಸಮಾಡಿ ೧೯೧೦ರಲ್ಲಿ ವರದಿಯನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ೧೮೮೦ರ ದಶಕದಲ್ಲಿ ಬಳಕೆಗೆ ಬಂದ ಬೋರ್ಡೋ ದ್ರಾವಣವನ್ನು ಅಡಕೆಯ ಗೊನೆಗೆ ಸಿಂಪಡಿಸುವ ಕ್ರಮವು ಹೀಗೆ ನಮ್ಮಲ್ಲಿ ನೆಲೆಗೊಂಡಿತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು: ಇಷ್ಟೇ ಅದರ ಸಾಮಗ್ರಿ. ತಿಕ್ಕಿ ಬೆಳಗಿದ ಕಬ್ಬಿಣದ ಚೂರಿಯನ್ನು ಅದ್ದಿದಾಗ ಅಲಗಿನ ಮೇಲೆ ತಾಮ್ರದ ಬಣ್ಣ ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಓದು ಬಾರದವನೂ ಮಾಡಬಹುದಾದ ಪರೀಕ್ಷೆ ಇದು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ವಿಜ್ಞಾನಿಯು ದ್ರಾವಣವನ್ನು ಕೊಟ್ಟರು, ನಿಜ; ಆದರೆ ಅದನ್ನು ಗೊನೆಗೆ ಮುಟ್ಟಿಸಿದವನು, ನುಣುಪಾದ ಮರವನ್ನು ಹತ್ತಿ ಮರದಿಂದ ಮರಕ್ಕೆ ದಾಟಬಲ್ಲ ಕೊನೆಗಾರ. ಹೊಸ ವಿದ್ಯೆಯು ಹಳೆಯ ಕೌಶಲದ ಹೆಗಲೇರಿಯೇ ನಡೆಯಿತು. ಕಾಫಿಯ ವಿಷಯದಲ್ಲಿಯೂ ಹೀಗೆಯೇ ಸಂಶೋಧನೆಯ ಆಸರೆ ದೊರೆಯಿತು. ೧೯೧೫ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕವಾಗಿ ಆರಂಭವಾದ ಕೆಲಸವು ೧೯೨೫ರಲ್ಲಿ ಬಾಳೆಹೊನ್ನೂರಿನ ಪ್ರಯೋಗಕೇಂದ್ರವಾಗಿ ಬೆಳೆಯಿತು.

ತೋಟಕ್ಕೆ ಔಷಧಿ ಬಂದಿತು, ಕಾಫಿಗೆ ಸಂಶೋಧನಾಲಯ ಬಂದಿತು. ಗದ್ದೆಗೆ ಬಂದುದೇನು? ಸಸಿಮಡಿ ಮಾಡಿ, ಕೆಸರು ಹದಗೊಳಿಸಿ, ಸುರಿಯುವ ಮಳೆಯಲ್ಲಿ ಬೆನ್ನು ಬಗ್ಗಿಸಿ ನೆಟ್ಟಿ ಮಾಡುವ ಕೈಗಳು ಕಡಮೆಯಾದುವು. ತೆನೆ ತುಂಬುವ ಹೊತ್ತಿಗೆ ಹಂದಿ, ಮಂಗಗಳ ಕಾಟ. ಇಷ್ಟೆಲ್ಲ ದಾಟಿ ಮನೆಗೆ ಬಂದ ಬತ್ತದ ಬೆಲೆ ಅಡಕೆಯ ಬೆಲೆಯ ಮುಂದೆ ಏನೂ ಅಲ್ಲ. ಹೀಗಿರುವಾಗ ರೈತನು ಗದ್ದೆಯಲ್ಲಿ ಬಸಿಗಾಲುವೆ ತೋಡಿ ಅಡಕೆಯ ಸಸಿ ನೆಟ್ಟರೆ ಅವನನ್ನು ಲೋಭಿಯೆಂದು ಕರೆಯುವುದು ನ್ಯಾಯವಲ್ಲ. ಅವನ ಲೆಕ್ಕ ಸರಿಯಾಗಿಯೇ ಇದೆ.

ಹಾಗಾದರೆ ಕಳವಳವೇಕೆ, ಅಕ್ಕಿಯನ್ನು ಬಯಲುಸೀಮೆ ಬೆಳೆಯುವುದಿಲ್ಲವೆ ಎಂದು ನೀವು ಕೇಳಬಹುದು. ಬೆಳೆಯುತ್ತದೆ, ದಿಟ. ಲಕ್ಕವಳ್ಳಿಯ ಬಳಿ ಭದ್ರಾನದಿಗೆ ೧೯೬೦ರ ದಶಕದಲ್ಲಿ ಪೂರ್ಣವಾದ ಅಣೆಕಟ್ಟಿನ ನೀರಿನಿಂದ ದಾವಣಗೆರೆಯ ಸುತ್ತಿನ ಭೂಮಿ ಹಸುರಾಯಿತು. ಆ ನೀರು ನಿಂತಿರುವುದಾದರೋ ನರಸಿಂಹರಾಜಪುರದ ಕಡೆಯ ಜನ ಬಿಟ್ಟುಕೊಟ್ಟ ನೆಲದ ಮೇಲೆ. ಆ ದಶಕದ ಕೊನೆಯಲ್ಲಿ ಬಂದ ಹೆಚ್ಚು ಇಳುವರಿಯ ತಳಿಗಳು, ಗೊಬ್ಬರ, ಕಾಲುವೆಗಳು ಹೊರದೇಶದ ಗೋಧಿಯ ಹಡಗಿಗೆ ಕಾಯುವ ದುರವಸ್ಥೆಯಿಂದ ನಮ್ಮನ್ನು ಪಾರುಮಾಡಿದುದನ್ನು ಮರೆಯಬಾರದು.

ಆದರೆ ಮಲೆನಾಡಿನ ಗದ್ದೆಯ ನಷ್ಟವನ್ನು ಬಯಲಿನ ಅಕ್ಕಿ ತುಂಬಿಕೊಡಲಾರದು. ಗದ್ದೆ ಹೋದರೆ ಹುಲ್ಲು ಹೋಗುತ್ತದೆ. ಹುಲ್ಲು ಹೋದರೆ ದನ ಹೋಗುತ್ತದೆ. ದನ ಹೋದರೆ ತೋಟದ ಗೊಬ್ಬರಕ್ಕೆ ಅಂಗಡಿಯೇ ಗತಿ. ತಿಂಗಳುಗಟ್ಟಲೆ ನೀರು ಹಿಡಿದು ನೆಲಕ್ಕೆ ಇಂಗಿಸುತ್ತಿದ್ದ ಗದ್ದೆಯ ಅಂಚು ಒಡೆದರೆ ಮಳೆನೀರು ಓಡಿಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಊರಿಗೆ ಊರೇ ಒಂದು ಬೆಳೆಯನ್ನು ನಂಬಿ ನಿಲ್ಲುತ್ತದೆ. ಶೃಂಗೇರಿ, ಕೊಪ್ಪಗಳ ತೋಟಗಳನ್ನು ಹಲವು ದಶಕಗಳಿಂದ ಹಳದಿ ಎಲೆ ರೋಗ ಕಾಡುತ್ತಿದೆ. ಕೊಳೆಗೆ ಮೈಲುತುತ್ತವುಂಟು, ಇದಕ್ಕೆ ಹಿಡಿದ ಮರವನ್ನು ಗುಣಪಡಿಸುವ ಔಷಧಿಯಿಲ್ಲ. ತೋಟ ಸೋತ ವರ್ಷ ಹಿಂದಿನವರ ಕಣಜದಲ್ಲಿ ಬತ್ತವಾದರೂ ಇರುತ್ತಿತ್ತು. ಗದ್ದೆಯನ್ನೂ ತೋಟ ಮಾಡಿದವನಿಗೆ ಆ ಆಸರೆ ಎಲ್ಲಿಯದು?

ಇದಕ್ಕೆ ಉಪಾಯವುಂಟೆ? ನೆರೆಯ ಕೇರಳದವರು ಗದ್ದೆಗಳನ್ನು ಕಾಯಲು ೨೦೦೮ರಲ್ಲಿ ಶಾಸನ ಮಾಡಿದರು. ಬರಿಯ ನಿಷೇಧ ಸಾಲದೆಂದು, ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ ೨,೦೦೦ ರೂಪಾಯಿ ಕೊಡುವ ಏರ್ಪಾಡನ್ನು ೨೦೨೦ರಲ್ಲಿ ಆರಂಭಿಸಿದರು. ಮೊತ್ತ ಸಣ್ಣದು, ಅದರ ಹಿಂದಿನ ತತ್ತ್ವ ದೊಡ್ಡದು. ಗದ್ದೆಯು ಕೊಡುವುದು ಬತ್ತ ಮಾತ್ರವಲ್ಲ, ಉಳಿದುದಕ್ಕೂ ಸಮಾಜ ಬೆಲೆ ತೆರಬೇಕು ಎಂಬುದೇ ಆ ತತ್ತ್ವ. ಇದರ ಜೊತೆಗೆ, ಸಣ್ಣ ಗದ್ದೆಯಲ್ಲಿ ನಡೆಯಬಲ್ಲ ನೆಟ್ಟಿಯ ಯಂತ್ರ, ಕಾಡುಪ್ರಾಣಿಗಳ ಹಾವಳಿಗೆ ತಡೆ, ಮಲೆನಾಡಿನ ಚಳಿಮಳೆಗೆ ಒಗ್ಗಿದ ತಳಿ, ಇವುಗಳ ಕಡೆಗೂ ಅಡಕೆ ಕಾಫಿಗಳಿಗೆ ಸಂದಷ್ಟೇ ಗಮನ ಸಲ್ಲಬೇಕು.

ಆದುದರಿಂದ ಮಹನೀಯರೇ, ಹೊಸ ಬೇಸಾಯ ಒಳ್ಳೆಯದೋ ಹಳೆಯದು ಒಳ್ಳೆಯದೋ ಎಂಬ ಚರ್ಚೆಯನ್ನು ಮುಂದಿನ ಸಲ ನೀವು ಎತ್ತಿದಾಗ, ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ: ಗದ್ದೆ ಉಳಿಯುವುದರಿಂದ ಲಾಭವೆಲ್ಲರಿಗೂ ಆಗುವಾಗ, ನಷ್ಟವನ್ನು ಒಬ್ಬನೇ ಏಕೆ ಹೊರಬೇಕು? ಇದಕ್ಕೆ ಉತ್ತರ ಕೊಡುವ ಹೊಣೆ ಶೆಟ್ಟಿಕೊಪ್ಪದ ರೈತನದಲ್ಲ, ಉಣ್ಣುವ ನಮ್ಮದು.