ಮೊಹರು ಹಿಡಿದ ಕೈ: ವಿಡಿಯೋ ಗೇಮ್‌ಗಳಲ್ಲಿ ರಾಜಕೀಯ ಮತ್ತು ಪಾತ್ರ



ನಾಟಕ, ಕಾದಂಬರಿ, ಸಿನಿಮಾಗಳಲ್ಲಿ ರಾಜಕೀಯವನ್ನು ಗುರುತಿಸುವುದು ನಮಗೆ ರೂಢಿಯಾಗಿದೆ. ಪಾತ್ರ ಏನು ಮಾತಾಡಿತು, ಯಾರ ಪರ ನಿಂತಿತು ಎಂದು ನೋಡುತ್ತೇವೆ. ವಿಡಿಯೋ ಗೇಮ್‌ಗೆ ಈ ಅಳತೆ ಸಾಲದು. ಅಲ್ಲಿ ರಾಜಕೀಯ ಕೂತಿರುವುದು ಆಟದ ನಿಯಮಗಳಲ್ಲಿ. ಆ ನಿಯಮಗಳಿಗೆ ಸಿಕ್ಕ ಆಟಗಾರ ಏನು ಮಾಡುತ್ತಾನೋ ಅದರಿಂದಲೇ ಪಾತ್ರ ಹುಟ್ಟುತ್ತದೆ. ಇದನ್ನು ನಾನು ಮುಖ್ಯವಾಗಿ ಒಂದು ಆಟವನ್ನು ಇಟ್ಟುಕೊಂಡು ಹೇಳುತ್ತೇನೆ.

ಲೂಕಸ್ ಪೋಪ್ ಅವರ ‘ಪೇಪರ್ಸ್, ಪ್ಲೀಸ್’ ಬಂದದ್ದು 2013ರಲ್ಲಿ. ಕಥೆಯ ಕಾಲ 1982. ಆರ್‌ಸ್ಟೊಟ್ಜ್‌ಕಾ ಎಂಬ ಕಲ್ಪಿತ ದೇಶ, ನೆರೆಯ ಕೊಲೆಚಿಯಾದೊಂದಿಗೆ ಆರು ವರ್ಷದ ಯುದ್ಧ ಮುಗಿಸಿ, ಗ್ರೆಸ್ಟಿನ್ ಎಂಬಲ್ಲಿ ಗಡಿಯನ್ನು ಮತ್ತೆ ತೆರೆದಿದೆ. ಆಡುವವನು ಅಲ್ಲಿನ ತಪಾಸಣಾಧಿಕಾರಿ. ಸರ್ಕಾರದ ಲಾಟರಿಯಲ್ಲಿ ಬಂದ ನೌಕರಿ. ಅವನಿಗೆ ಹೆಸರಿಲ್ಲ. ಪಾಸ್‌ಪೋರ್ಟ್ ನೋಡಿ ಹಸಿರು ಮೊಹರು ಒತ್ತಬೇಕು ಇಲ್ಲವೇ ಕೆಂಪು. ಸಂಬಳ ತಲೆಗಿಷ್ಟು ಎಂಬ ಲೆಕ್ಕದಲ್ಲಿ. ದಿನದ ಕೊನೆಗೆ ಬಾಡಿಗೆ, ಊಟ, ಚಳಿಗೆ ಬೆಂಕಿ, ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಔಷಧಿ. ತಪ್ಪು ಮಾಡಿದರೆ ದಿನಕ್ಕೆ ಎರಡು ಎಚ್ಚರಿಕೆ, ಆಮೇಲೆ ದಂಡ.

ಒಂದು ದಿನ ಒಬ್ಬಾತ ಸರಿಯಾದ ಕಾಗದಗಳೊಂದಿಗೆ ಬಂದು ದಾಟುತ್ತಾನೆ. ಹಿಂದೆ ತನ್ನ ಹೆಂಡತಿ ಬರುತ್ತಿದ್ದಾಳೆ, ದಯೆಯಿಡಿ ಎನ್ನುತ್ತಾನೆ. ಆಕೆಯ ಬಳಿ ಪ್ರವೇಶ ಪರವಾನಗಿ ಇಲ್ಲ. ವಾಪಸು ಹೋದರೆ ಜೀವ ಉಳಿಯದು. ಬಿಟ್ಟರೆ ಒಂದು ಎಚ್ಚರಿಕೆ ಚೀಟಿ ಬರುತ್ತದೆ. ಆ ದಿನ ಮೊದಲೇ ಎರಡು ಚೀಟಿ ಬಂದಿದ್ದರೆ ನಿಮ್ಮ ಕರುಣೆ ಮಗನ ಊಟದಿಂದ ಕಳೆಯುತ್ತದೆ. ಕ್ರೌರ್ಯಕ್ಕೆ ದುಷ್ಟ ಮನುಷ್ಯನೇ ಬೇಕಿಲ್ಲ, ತಿಂಗಳ ಖರ್ಚು ಸಾಕು ಎಂಬುದು ಇಲ್ಲಿ ಆಟಗಾರನ ಬೆರಳಿಗೇ ಗೊತ್ತಾಗುತ್ತದೆ. ಮುಂದೆ ಗಡಿಯಲ್ಲಿ ದಾಳಿಯಾದ ಬಳಿಕ ಕೊಲೆಚಿಯಾದವರನ್ನೆಲ್ಲ ಶೋಧಿಸಿ ಎಂಬ ಆದೇಶ ಬರುತ್ತದೆ. ಮೊದಲ ಸಲ ಕೈ ತಡೆಯುತ್ತದೆ. ಕೆಲವೇ ದಿನದಲ್ಲಿ ಅದು ಅಭ್ಯಾಸವಾಗುತ್ತದೆ. ಈ ಅಭ್ಯಾಸವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಬೇರೆ ಕಲಾಕೃತಿ ನನ್ನ ಅನುಭವದಲ್ಲಿಲ್ಲ.

ಇದೇ ಆಟದಲ್ಲಿ ಜೋರ್ಜಿ ಎಂಬ ಮುದುಕನಿದ್ದಾನೆ. ಇಲ್ಲದ ದೇಶವೊಂದರ ಪಾಸ್‌ಪೋರ್ಟನ್ನು ಕೈಯಲ್ಲೇ ಬರೆದುಕೊಂಡು ಬರುತ್ತಾನೆ. ತಿರಸ್ಕರಿಸಿದರೆ ಸಿಟ್ಟಾಗುವುದಿಲ್ಲ, ಮತ್ತೆ ಬರುತ್ತೇನೆ ಎನ್ನುತ್ತಾನೆ, ಬಂದೂ ಬರುತ್ತಾನೆ. ಕಾಗದದಲ್ಲಷ್ಟೇ ಮನುಷ್ಯರನ್ನು ಕಾಣುವ ಆ ಕಿಟಕಿಯಲ್ಲಿ ಅವನೊಬ್ಬ ಮಾತ್ರ ಅಧಿಕಾರಿಯನ್ನು ಗೆಳೆಯನಂತೆ ಮಾತಾಡಿಸುತ್ತಾನೆ. ಪಾತ್ರಚಿತ್ರಣಕ್ಕೆ ಇನ್ನೇನು ಬೇಕು?

2014ರಲ್ಲಿ ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ ತಂದ ‘ದಿಸ್ ವಾರ್ ಆಫ್ ಮೈನ್’ ಕೂಡ ಇದೇ ದಾರಿಯದು. ಅದರ ಹಿಂದೆ ಸರಯೇವೊ ಮುತ್ತಿಗೆಯ ನೆನಪಿದೆ. ಇಲ್ಲಿ ನಾವು ಸೈನಿಕರಲ್ಲ, ಹಸಿದ ನಾಗರಿಕರು. ವೃದ್ಧ ದಂಪತಿಯ ಮನೆಯಿಂದ ಆಹಾರ ಕದ್ದರೆ ಕದ್ದವರ ಮನಸ್ಸು ಕುಸಿಯುತ್ತದೆ. ಶಾಲಾ ವಿದ್ಯಾರ್ಥಿಗಳ ಓದಿನ ಪಟ್ಟಿಗೆ ಈ ಆಟವನ್ನು ಸೇರಿಸುವುದಾಗಿ ಪೋಲೆಂಡ್ ಸರ್ಕಾರ 2020ರಲ್ಲಿ ಪ್ರಕಟಿಸಿತು.

ಆಟಕ್ಕೆ ರಾಜಕೀಯ ಯಾಕೆ ಎಂದು ಕೇಳುವವರಿದ್ದಾರೆ. ಶತ್ರು ಯಾವ ದೇಶದವನು, ಯಾರನ್ನು ಕೊಂದರೆ ಅಂಕ ಸಿಗುತ್ತದೆ ಎಂದು ತೀರ್ಮಾನಿಸುವ ಯುದ್ಧದ ಆಟಗಳಲ್ಲಿ ಅದು ಮೊದಲಿನಿಂದಲೂ ಇದೆ. ಅಲ್ಲಿ ಅದು ಕಣ್ಣಿಗೆ ಬೀಳದಿರುವುದೇ ಹೆಚ್ಚು ಅಪಾಯ.

ನಮ್ಮ ಮಕ್ಕಳು ಗಂಟೆಗಟ್ಟಲೆ ಈ ನಿಯಮಗಳೊಳಗೆ ಇರುತ್ತಾರೆ. ಆಡಬೇಡಿ ಎನ್ನುವುದು ಬಿಟ್ಟರೆ ನಾವು ಅವರೊಂದಿಗೆ ಈ ಬಗ್ಗೆ ಮಾತಾಡುವುದು ಕಡಿಮೆ. ಕನ್ನಡದ ವಿಮರ್ಶಕರಲ್ಲಿ, ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೆ: ಒಂದು ಆಟವನ್ನು ಕೊನೆಯವರೆಗೆ ಆಡಿ, ಕಾದಂಬರಿಗೆ ಕೊಡುವಷ್ಟೇ ಗಮನ ಕೊಟ್ಟು ಅದರ ಬಗ್ಗೆ ಬರೆಯಿರಿ.