ಹಳೆಯ ವಿಂಡೋಸ್ ಬದಲಿಸಬೇಕೇ?
(ಸದಸ್ಯರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ ಹೀಗೆಯೇ ಆಗಿತ್ತು. ಬೆಂಬಲ ನಿಂತ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ. ಆದರೆ ಹೊಸದಾಗಿ ಕಂಡುಬರುವ ದೋಷಗಳಿಗೆ ದುರಸ್ತಿ ಸಿಗುವುದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹರಡಿ, ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವನ್ನೂ ಕೆಡಿಸಿತು. ಅದಕ್ಕೆ ದುರಸ್ತಿ ಎರಡು ತಿಂಗಳ ಮೊದಲೇ ಬಂದಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳೇ ತುತ್ತಾದವು.

ಹಾಗಾದರೆ ಎಲ್ಲವನ್ನೂ ಈಗಲೇ ಬದಲಿಸಬೇಕೇ? ಚಂದಾ ಕೂಡಿಸಿ ಕೊಂಡ ಯಂತ್ರವನ್ನು ಅವಸರದಲ್ಲಿ ಮೂಲೆಗೆ ಸೇರಿಸುವುದು ಜಾಣತನವಲ್ಲ. ಮೊದಲು ಆ ಯಂತ್ರ ಏನು ಕೆಲಸ ಮಾಡುತ್ತಿದೆ ಎಂದು ನೋಡಬೇಕು. ಇಂಟರ್‌ನೆಟ್ ಇಲ್ಲದೆ, ಹೊರಗಿನ ಪೆನ್‌ಡ್ರೈವ್ ಹಾಕದೆ ಟೈಪಿಂಗ್ ಕಲಿಸುವ ಯಂತ್ರ ಇನ್ನೂ ಕೆಲವು ವರ್ಷ ನಡೆದೀತು. ವಿದ್ಯಾರ್ಥಿವೇತನದ ಅರ್ಜಿ, ಆಧಾರ್, ಬ್ಯಾಂಕ್ ವ್ಯವಹಾರ ನಡೆಯುವ ಯಂತ್ರಕ್ಕೆ ಈ ವಿನಾಯಿತಿ ಇಲ್ಲ. ಅಲ್ಲಿ ಅಪಾಯಕ್ಕೆ ಒಳಗಾಗುವುದು ಮಕ್ಕಳ ದಾಖಲೆ ಮತ್ತು ಬಡ ತಂದೆತಾಯಿಗಳ ಹಣ.

ದಾರಿಗಳು ಮೂರು. ಮೊದಲನೆಯದು ವಿಂಡೋಸ್ 11. ಅದಕ್ಕೆ 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯ ಪ್ರೊಸೆಸರ್ ಇರಬೇಕು. ಎರಡನೆಯದು, ಹಣ ಕೊಟ್ಟು ವಿಂಡೋಸ್ 10ರ ಭದ್ರತಾ ದುರಸ್ತಿಯನ್ನು ಮುಂದುವರಿಸುವುದು. ಅರ್ಹ ಶಿಕ್ಷಣ ಸಂಸ್ಥೆಗಳಿಗೆ ಕಂಪನಿ ಘೋಷಿಸಿದ ದರ ಯಂತ್ರವೊಂದಕ್ಕೆ ಮೊದಲ ವರ್ಷ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4. ಮೂರನೆಯದು ಲಿನಕ್ಸ್. ಇದು ಉಚಿತ, ಹಳೆಯ ಯಂತ್ರಗಳಲ್ಲೂ ನಡೆಯುತ್ತದೆ. ಕೇರಳದ ಶಾಲೆಗಳಲ್ಲಿ ಮಕ್ಕಳು ಇದರಲ್ಲಿಯೇ ಕಲಿಯುತ್ತಾ ಬಂದಿದ್ದಾರೆ.

ಯಾವ ದಾರಿ ಹಿಡಿದರೂ ಕನ್ನಡದ ಕಡತಗಳನ್ನು ಮರೆಯಬೇಡಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಟೈಪ್ ಮಾಡಿದ ಪತ್ರ, ಪಟ್ಟಿಗಳು ಎಷ್ಟೋ ಕಚೇರಿಗಳಲ್ಲಿವೆ. ಅವುಗಳಲ್ಲಿ ಕನ್ನಡವಾಗಿ ಕಾಣುವುದು ಫಾಂಟ್ ಇರುವವರೆಗೆ ಮಾತ್ರ. ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅವನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ, ಹೆಸರು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ, ಎರಡು ಕಡೆ ಪ್ರತಿ ಇಡಬೇಕು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಬಾಗಲಕೋಟೆಯ ನವನಗರಕ್ಕೆ ಬಂದ ಕುಟುಂಬಗಳಿಗೆ ಕಾಗದಪತ್ರದ ಬೆಲೆ ಹೇಳಿಕೊಡಬೇಕಾಗಿಲ್ಲ.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಶಾಲೆಯ ಪ್ರತಿಯೊಂದು ಯಂತ್ರದ ಆವೃತ್ತಿ, ರ್‍ಯಾಮ್, ಅದರಲ್ಲಿ ನಡೆಯುವ ಕೆಲಸ, ಅದರಲ್ಲಿರುವ ಕಡತಗಳನ್ನು ಒಂದು ಹಾಳೆಯಲ್ಲಿ ಬರೆದು ಹಿರಿಯರಿಗೆ ಕೊಡಿ. ಆ ಹಾಳೆ ಮುಂದಿದ್ದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು ಎಂಬುದು ಹಿರಿಯರಿಗೆ ಸುಲಭವಾಗುತ್ತದೆ. ಚಂದಾ ಹಣವೂ ಸರಿಯಾದ ಕಡೆ ವೆಚ್ಚವಾಗುತ್ತದೆ.